ತೆಳು ಗಾಳಿಯ ಪಿಚರ್‌ಗಳು

ಡೆನ್ವರ್‌ಗೆ ಬಂದ ಹೊಸದರಲ್ಲಿ ಆಫೀಸಿನವರ ಜತೆ ಕೂರ್ಸ್ ಫೀಲ್ಡಿಗೆ ಹೋಗಿದ್ದೆ. ಬೇಸ್‌ಬಾಲ್‌ನ ತಲೆಬುಡ ಗೊತ್ತಿರಲಿಲ್ಲ. ಆದ್ರೆ ರಾಕೀಸ್ ಪಿಚರ್ ಹೊಡೆಸಿಕೊಂಡು ಸೊಂಟಕ್ಕೆ ಕೈಯಿಟ್ಟು ನಿಂತಿದ್ದು ನೋಡಿದ ಕೂಡಲೇ ಅನ್ನಿಸಿತು: ಅರೆ, ಇದು ನಮ್ಮ ಚಿನ್ನಸ್ವಾಮಿ! ಅವತ್ತಿಂದ ನಾನು ಇವರ ಫ್ಯಾನು.

ತಪ್ಪು ಬರೀ ಪಿಚರ್‌ಗಳದ್ದಲ್ಲ. ಊರು ಸಮುದ್ರಮಟ್ಟದಿಂದ ಒಂದು ಮೈಲಿ ಎತ್ತರ, ಗಾಳಿ ತೆಳು. ಹೊಡೆದ ಚೆಂಡು ದೂರ ಹಾರುತ್ತೆ, ತಿರುಗಬೇಕಾದ ಕರ್ವ್‌ಬಾಲ್ ತಿರುಗೋಕೆ ಮುನಿಸಿಕೊಳ್ಳುತ್ತೆ. 2002ರಿಂದ ಚೆಂಡುಗಳನ್ನ ತೇವ ಕಾಯುವ ಕೋಣೆಯಲ್ಲಿಡ್ತಾರೆ, ಅಜ್ಜಿಯ ಉಪ್ಪಿನಕಾಯಿ ಜಾಡಿಗಿಂತ ಜೋಪಾನವಾಗಿ. ಸ್ವಲ್ಪ ವಾಸಿ, ಅಷ್ಟೆ.

ಹಾಗಂತ 2025ರ ಕಥೆಗೆ ಗಾಳಿಯೊಂದನ್ನೇ ದೂರಲಾರೆ. 162 ಪಂದ್ಯಗಳಲ್ಲಿ 119 ಸೋಲು, ಮಾರಾಯ್ರೆ!

ನನಗೆ ಸಂಕಟ ಕೈಲ್ ಫ್ರೀಲ್ಯಾಂಡ್‌ದು. ಡೆನ್ವರ್‌ನದೇ ಹುಡುಗ. 2018ರಲ್ಲಿ 17 ಗೆಲುವು, ಒಂಬತ್ತು ಇನಿಂಗ್ಸಿಗೆ ಸರಾಸರಿ ಕೊಟ್ಟ ರನ್ 2.85. ಮರುವರ್ಷ ಅದು 6.73ಕ್ಕೇರಿ, ನಡುವೆ ಕೆಳಗಿನ ಲೀಗಿಗೂ ಹೋಗಿ ಬಂದ. 2025ರಲ್ಲಿ 17 ಸೋಲು. ಅದೇ ಹದಿನೇಳು! ಆದರೂ ಮತ್ತೆ ಮತ್ತೆ ದಿಬ್ಬ ಹತ್ತಿದ.

ಅದೇ ವರ್ಷದ ಜೂನ್ 3. ಐಪಿಎಲ್ ಫೈನಲ್‌ನಲ್ಲಿ 190 ರನ್ ಕಾಯ್ದುಕೊಟ್ಟದ್ದು ಬೌಲರ್‌ಗಳು, ಅದೂ ಆರ್‌ಸಿಬಿ ಬೌಲರ್‌ಗಳು! ಇಲ್ಲಿ ಹಾಡುಹಗಲು. ಮೀಟಿಂಗಿನಲ್ಲಿ ಕ್ಯಾಮೆರಾ ಆಫ್ ಮಾಡಿಕೊಂಡು ಅತ್ತೆ.

ಸೀಸನ್ ಮುಗಿದ ಮೇಲೆ ಪಕ್ಕದ ಡೆಸ್ಕಿನವ ಮುಖ ಸಪ್ಪಗೆ ಮಾಡಿ ಕೂತಿದ್ದ. ‘ಮುಂದಿನ ಸಲ ನಮ್ದೇ’ ಅಂದೆ. ‘ನೀವು ಎಷ್ಟು ವರ್ಷ ಕಾದ್ರಿ?’ ಅಂತ ಕೇಳಿದ. ಹದಿನೆಂಟು ಸೀಸನ್ ಅಂದೆ. ರಾಕೀಸ್ ಆಟ ಶುರುವಾದದ್ದು 1993ರಲ್ಲಿ. ಅವನು ಬೆರಳು ಮಡಿಸತೊಡಗಿದ.