ಅವ್ವನ ಖಣ, ಪ್ಯಾರಿಸ್ಸಿನ ಆಕಾರ

ನಮ್ಮ ಸಂಘದ ಸಮಾರಂಭಗಳಲ್ಲಿ ಒಮ್ಮೆ ಸೋದರಿಯರ ಕೈಗಳತ್ತ ಕಣ್ಣು ಹಾಯಿಸಿ ನೋಡಿ. ಉಟ್ಟ ಸೀರೆ ಇಳಕಲ್ಲಿನದೋ ಮೈಸೂರು ರೇಷ್ಮೆಯದೋ ಆಗಿರುತ್ತದೆ. ಕೈಯಲ್ಲಿರುವ ಬ್ಯಾಗು ಮಾತ್ರ ಪ್ಯಾರಿಸ್ಸಿನ ಹೆಸರು ಹೊತ್ತಿರುತ್ತದೆ. ಹೆಸರು ಪ್ಯಾರಿಸ್ಸಿನದು, ಖರೀದಿ ಸ್ಟೇಷನ್ ಹೊರಗಿನ ಫುಟ್‌ಪಾತಿನದು! ಮುಂಬಯಿಯ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದರ ಅಂಚು ಸುಲಿದು, ತಳ ಜೋತುಬಿದ್ದಿರುತ್ತದೆ. ಮೇಲೆ ಥಳಕು, ಒಳಗೆ ಹುಳುಕು ಎಂದು ಹಿರಿಯರು ಸುಮ್ಮನೆ ಹೇಳಿದರೇ? ಗಂಡಸರು ದಯವಿಟ್ಟು ಪುಟ ತಿರುವಬೇಡಿ. ಬ್ಯಾಗಿನ ಖರ್ಚು ನಿಮಗೂ ಸಂಬಂಧಿಸಿದ್ದೇ.

ಅಸಲಿ ಬ್ಯಾಗುಗಳ ಕಥೆ ಸ್ವಾರಸ್ಯವಾಗಿದೆ. ಫ್ರಾನ್ಸಿನ ಎರ್ಮೆಸ್ ಕಂಪನಿ 1930ರ ದಶಕದಲ್ಲಿ ಮುಚ್ಚಳ, ಅಡ್ಡಪಟ್ಟಿ, ಒಂದೇ ಹಿಡಿ ಇರುವ ಬ್ಯಾಗೊಂದನ್ನು ತಯಾರಿಸಿತು. ಕೆಳಗೆ ಅಗಲ, ಮೇಲೆ ತುಸು ಕಿರಿದು. 1956ರಲ್ಲಿ ಮೊನಾಕೊದ ರಾಜಕುಮಾರಿ ಗ್ರೇಸ್ ಕೆಲಿ ತಾವು ಗರ್ಭಿಣಿಯೆಂಬುದು ಕ್ಯಾಮೆರಾಗಳಿಗೆ ಕಾಣದಿರಲೆಂದು ಅದನ್ನೇ ಹೊಟ್ಟೆಗೆ ಅಡ್ಡ ಹಿಡಿದರಂತೆ. 1977ರಲ್ಲಿ ಕಂಪನಿ ಅದಕ್ಕೆ 'ಕೆಲಿ' ಎಂದೇ ಹೆಸರಿಟ್ಟಿತು. ಇದೇ ಕಂಪನಿ ನಟಿ ಜೇನ್ ಬರ್ಕಿನ್‌ಗಾಗಿ ಹೊಲಿದುಕೊಟ್ಟ ಮೊದಲ ಬ್ಯಾಗು 2025ರ ಜುಲೈಯಲ್ಲಿ ಪ್ಯಾರಿಸ್ಸಿನ ಹರಾಜಿನಲ್ಲಿ 86 ಲಕ್ಷ ಯೂರೋಗಳಿಗೆ ಹೋಯಿತು. ಒಂದೇ ದಾರದ ಎರಡು ತುದಿಗೆ ಎರಡು ಸೂಜಿ ಪೋಣಿಸಿ, ಒಂದೇ ತೂತಿನಲ್ಲಿ ಎರಡೂ ಕಡೆಯಿಂದ ಹಾಯಿಸುವ ಕೈಹೊಲಿಗೆ ಅವರದು. ಒಂದು ಟಾಕು ಕಡಿದರೂ ಉಳಿದವು ಬಿಚ್ಚುವುದಿಲ್ಲ. ಬೆಲೆ ನಮ್ಮ ಕೈಗೆ ಎಟುಕದಿರಬಹುದು, ಆಕಾರ ಕಣ್ಣಿಗೆ ಎಟುಕುತ್ತದಲ್ಲ! ಅಂಥದೊಂದನ್ನು ಮನೆಯಲ್ಲೇ ಹೊಲಿಯಬೇಕೆಂದು ನಾನು ನಿಶ್ಚಯಿಸಿದೆ.

ಬಟ್ಟೆ ಯಾವುದು? ಅವ್ವ ತೀರಿಕೊಂಡ ಮೇಲೆ ಅವಳ ಟ್ರಂಕಿನಿಂದ ನನ್ನ ಪಾಲಿಗೆ ಎರಡು ಗುಳೇದಗುಡ್ಡದ ಖಣಗಳು ಬಂದಿದ್ದವು. ಉಡಿ ತುಂಬಿಸಿಕೊಂಡು ಬಂದ ಖಣಗಳನ್ನು ಅವ್ವ ಬಂದವರಿಗೆಲ್ಲ ಉಡಿ ತುಂಬಿ ಕಳಿಸುತ್ತಿದ್ದಳು. ಮನಸ್ಸಿಗೆ ಹಿಡಿಸಿದ ಕೆಲವನ್ನು ಮಾತ್ರ ಇಟ್ಟುಕೊಂಡಿದ್ದಳು. ಫೋನಿನಲ್ಲಿ ಅಕ್ಕನಿಗೆ ವಿಷಯ ಹೇಳಿದ್ದೇ ತಡ, "ಅವ್ವನ ಖಣಕ್ಕ ಕತ್ತರಿ ಹಾಕತೀಯೇನ? ನಿನಗ ಕೈಯರ ಹೆಂಗ ಏಳತೈತಿ?" ಎಂದು ರೇಗಿದಳು. ನಾನು ವಾದಕ್ಕೆ ಇಳಿಯಲಿಲ್ಲ. "ನಿನ್ನ ಪಾಲಿನ ಖಣಾ ಒಮ್ಮೆ ಬಿಚ್ಚಿ, ಬೆಳಕಿಗೆ ಹಿಡದು ನೋಡಕ್ಕಾ" ಎಂದೆ. ಮರುದಿನ ಅವಳೇ ಫೋನು ಮಾಡಿದಳು. ದನಿ ಸಣ್ಣದಾಗಿತ್ತು: "ಎರಡು ಮಡಿಕಿ ಹರದಾವ."

ರೇಷ್ಮೆಯ ಗುಣವೇ ಹಾಗೆ. ವರ್ಷಾನುಗಟ್ಟಲೆ ಒಂದೇ ಮಡಿಕೆಯಲ್ಲಿ ಇಟ್ಟರೆ, ಯಾರೂ ಮುಟ್ಟದಿದ್ದರೂ ಅಲ್ಲೇ ಸೀಳುತ್ತದೆ. ಟ್ರಂಕಿನಲ್ಲಿಟ್ಟ ಮಾತ್ರಕ್ಕೆ ಅವ್ವನ ವಸ್ತು ಉಳಿದಂತಾಯಿತೇ? ನೀವೇ ಹೇಳಿ.

ಇನ್ನು ಹೊಲಿಗೆಯ ವಿಷಯ. 11 ಅಂಗುಲ ಅಗಲ, 9 ಅಂಗುಲ ಎತ್ತರ, 4 ಅಂಗುಲ ದಪ್ಪದ ಬ್ಯಾಗಿಗೆ ಮೊದಲು ಕಾಗದದ ಕಟಿಂಗ್ ಮಾಡಿಕೊಂಡೆ. ಕಾಗದವನ್ನೇ ಅಂಟಿಸಿ ಕೈಯಲ್ಲಿ ಹಿಡಿದು, ಕನ್ನಡಿಯ ಮುಂದೆ ನಿಂತು ನೋಡಿದೆ. ಖಣದ ನೂಲು ಅಂಚಿನಲ್ಲಿ ಬೇಗ ಬಿಟ್ಟುಕೊಳ್ಳುತ್ತದೆ. ಆದ್ದರಿಂದ ಕತ್ತರಿಸುವ ಮೊದಲೇ ಹಿಂಬದಿಗೆ ಫ್ಯೂಸಿಂಗ್ ಬಟ್ಟೆಯನ್ನು ಹದವಾದ ಇಸ್ತ್ರಿಯಿಂದ, ನಡುವೆ ಹತ್ತಿಬಟ್ಟೆ ಹಾಸಿ ಅಂಟಿಸಬೇಕು. ಸೀಳಿದ ಮಡಿಕೆ ಇದ್ದರೆ ಅದು ಹೊಲಿಗೆಯ ಅಂಚಿನೊಳಗೆ ಹೋಗುವಂತೆ ಕಟಿಂಗ್ ಇಡಬೇಕು. ಆಮೇಲೆ 3 ಮಿ.ಮೀ. ಸ್ಪಂಜು, ಅದರ ಹಿಂದೆ ಬಕ್ರಂ. ಇವೆರಡನ್ನೂ ಸುತ್ತಲೂ ಅರ್ಧ ಅಂಗುಲ ಚಿಕ್ಕದಾಗಿ ಕತ್ತರಿಸಿದರೆ ಅಂಚು ದಪ್ಪವಾಗದು, ಮನೆಯ ಮಶೀನೂ ಮುನಿಸಿಕೊಳ್ಳದು. ಸೂಜಿ 16 ಅಥವಾ 18ನೆಯ ನಂಬರಿನದು, ಟಾಕು ತುಸು ಉದ್ದ. ಪಕ್ಕದ ಪಟ್ಟಿಗೂ ತಳಕ್ಕೂ ಧಾರಾವಿಯಿಂದ ತಂದ ಕಪ್ಪು ಚರ್ಮ. ಚರ್ಮಕ್ಕೆ ಗುಂಡುಸೂಜಿ ಚುಚ್ಚಿದರೆ ತೂತು ಮುಚ್ಚುವುದಿಲ್ಲ; ಬಟ್ಟೆ ಒಣಹಾಕುವ ಕ್ಲಿಪ್ಪುಗಳೇ ಸಾಕು. ತಳದೊಳಗೆ ಹಳೆಯ ಫೈಲಿನ ಗಟ್ಟಿ ಪ್ಲಾಸ್ಟಿಕ್ ಹಾಳೆ. ರಟ್ಟು ಹಾಕಿದರೆ ನಮ್ಮೂರ ಮಳೆಗೆ ಅಪ್ಪಳವಾದೀತು! ಕೆಳಗೆ ನಾಲ್ಕು ಲೋಹದ ಗುಂಡಿಗಳು, ಅಯಸ್ಕಾಂತದ ಬಟನ್ನು. ಇವೆಲ್ಲ ಕ್ರಾಫರ್ಡ್ ಮಾರ್ಕೆಟ್ ಸುತ್ತಲಿನ ಓಣಿಗಳಲ್ಲಿ ಸಿಗುತ್ತವೆ. ಅಸ್ತರು ತಿಳಿಬಣ್ಣದ್ದಿರಲಿ, ಬೀಗದ ಕೈ ಹುಡುಕುವುದು ತಪ್ಪುತ್ತದೆ. ಭಾರವೆಲ್ಲ ಬೀಳುವ ಹಿಡಿಯನ್ನು ಮಾತ್ರ ಸ್ಟೇಷನ್ ಬಳಿಯ ಚಮ್ಮಾರಣ್ಣನಿಂದ ಹೊಲಿಸಿದೆ. ಅವನ ಆರಿಯ ಬಿಗಿ ನನ್ನ ಮಶೀನಿಗೆ ಬರುವಂಥದಲ್ಲ.

ಮೂರು ರವಿವಾರಗಳ ಕೆಲಸ. ಮೇಜಿನ ಮೇಲಿಟ್ಟೆ, ಖಾಲಿ ಬ್ಯಾಗು ಯಾರ ಆಸರೆಯೂ ಇಲ್ಲದೆ ನೆಟ್ಟಗೆ ನಿಂತಿತು. ನೋಡಿದವರೆಲ್ಲ ಹೊಗಳುವುದು ಖಣವನ್ನು, ನಿಲ್ಲಿಸಿರುವುದು ಕಣ್ಣಿಗೆ ಕಾಣದ ಬಕ್ರಮ್ಮು.

ಆಕಾರ ಕದ್ದಂತಾಗಲಿಲ್ಲವೇ ಎಂದು ಕೆಲವರು ಕೇಳಿದ್ದಾರೆ. ಕೇಳತಕ್ಕ ಪ್ರಶ್ನೆಯೇ. ಪರರ ಕಂಪನಿಯ ಗುರುತನ್ನು ಸುಳ್ಳಾಗಿ ಹಚ್ಚುವುದು 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಂತೆ ಶಿಕ್ಷಾರ್ಹ ಅಪರಾಧ. ನನ್ನ ಬ್ಯಾಗಿನ ಮೇಲೆ ಯಾವ ಗುರುತೂ ಇಲ್ಲ, ನಾನು ಅದನ್ನು ಮಾರುವವಳೂ ಅಲ್ಲ. ಆದರೂ ಕಾಯ್ದೆಯಾಚೆಗೆ ಒಂದು ಮಾತಿದೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಪ್ರದರ್ಶನದಲ್ಲಿ ಥೇಟ್ ಕೊಲ್ಹಾಪುರಿ ಚಪ್ಪಲಿಯನ್ನೇ ಹೋಲುವ ಪಾದರಕ್ಷೆಗಳನ್ನು ಇಟ್ಟು, ಮೂಲದ ಹೆಸರೆತ್ತದೆ ಹೋದಾಗ ನಮಗೆಲ್ಲ ಎಷ್ಟು ಸಿಟ್ಟು ಬಂತು! ಟೀಕೆ ಹೆಚ್ಚಿದ ಮೇಲೆ ಕಂಪನಿ ಮೂಲವನ್ನು ಒಪ್ಪಿಕೊಂಡಿತು. ಆ ಚಪ್ಪಲಿಯ ಭೌಗೋಳಿಕ ಗುರುತು 2019ರಿಂದ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳದು ಮಾತ್ರವಲ್ಲ. ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರದ ನಮ್ಮ ಕುಶಲಕರ್ಮಿಗಳದ್ದೂ ಹೌದು. ಅವರು ಮೂಲ ಹೇಳಬೇಕೆಂದು ಬಯಸುವ ನಾವೂ ಹೇಳಬೇಕಲ್ಲವೇ? ಆದ್ದರಿಂದ ಕೇಳಿದವರಿಗೆಲ್ಲ ನನ್ನ ಉತ್ತರ ಒಂದೇ: ಆಕಾರ ಪ್ಯಾರಿಸ್ಸಿನದು, ಖಣ ಗುಳೇದಗುಡ್ಡದ ನೇಕಾರರದು, ಹಿಡಿ ಚಮ್ಮಾರಣ್ಣನದು, ಉಳಿದ ಹೊಲಿಗೆ ನನ್ನದು.

ಕಳೆದ ತಿಂಗಳು ಅಕ್ಕ ಮದುವೆಗೆಂದು ಮುಂಬಯಿಗೆ ಬಂದಿದ್ದಳು. ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಖಣದ ಮೇಲೆ ಕೈಯಾಡಿಸಿದಳು. ಹೊಗಳಲೂ ಇಲ್ಲ, ತೆಗಳಲೂ ಇಲ್ಲ. ಹೊರಡುವಾಗ ತನ್ನ ಪಾಲಿನ ಖಣವನ್ನು ನನ್ನ ಕೈಗಿತ್ತು, "ಪಟ್ಟಿ ಹೆಗಲಿಗೆ ಬರೂವಷ್ಟು ಉದ್ದ ಇರಲಿ, ಬಸ್ಸಿನ್ಯಾಗ ಅನುಕೂಲ ಆಗತೈತಿ" ಎಂದಳು.

ಈ ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ನೀವೂ ನಿಮ್ಮ ಟ್ರಂಕು ತೆರೆದು ಮಡಿಕೆಗಳನ್ನು ಬೆಳಕಿಗೆ ಹಿಡಿದು ನೋಡಿ. ಹೊಲಿಯುವ ಮನಸ್ಸಿಲ್ಲದಿದ್ದರೆ ಮಡಿಕೆಯನ್ನಾದರೂ ಬದಲಿಸಿ ಇಡಿ. ಮನಸ್ಸಿದ್ದರೆ ಸಂಘದ ಮುಂದಿನ ಕಾರ್ಯಕ್ರಮದಲ್ಲಿ ಭೇಟಿಯಾಗೋಣ. ಕಾಗದದ ಕಟಿಂಗ್ ತಂದಿರುತ್ತೇನೆ.