ಮೊದಲು ನೀರು, ಬಟ್ಟೆ ಆಮೇಲೆ

ಪ್ರೀತಿಯ ಗೆಳತಿ,

ಹೊಸ ಕಾರಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹಾರಂಗಿಗೆ ಹೋಗಿಬಂದೆಯಂತೆ, ಓದಿ ತುಂಬ ಖುಷಿಯಾಯಿತು. ಜಲಾಶಯ 2859 ಅಡಿಗೆ ತುಂಬಿ, ಗೇಟಿನಿಂದ ಕೆನ್ನೀರು ಧುಮುಕುವುದನ್ನು ಎಷ್ಟು ಸಲ ನೋಡಿದರೂ ಸಾಲದು. ಆದರೆ ನಿನ್ನ ಕೊನೆಯ ಸಾಲು ಓದಿ ಗಾಬರಿಯಾಯಿತು: ‘ಕಾರೆಲ್ಲ ಕೆಸರು, ಭಾನುವಾರ ಒದ್ದೆ ಬಟ್ಟೆಯಲ್ಲಿ ಉಜ್ಜಿಬಿಡ್ತೀನಿ.’ ಬೇಡ ಮಾರಾಯ್ತಿ, ಈ ಕಾಗದ ಓದಿ ಮುಗಿಸುವ ತನಕ ಬಟ್ಟೆ ಮುಟ್ಟಬೇಡ.

ಮಡ್‌ಗಾರ್ಡಿನಿಂದ ಒಂದು ಚಿಟಿಕೆ ಒಣಮಣ್ಣು ತೆಗೆದು ಗಾಜಿನ ಲೋಟದ ನೀರಿಗೆ ಹಾಕಿ ಕದಡು. ನುಣ್ಣನೆಯ ಕೆಂಪು ಮೇಲೆಯೇ ತೇಲುತ್ತಿರುತ್ತದೆ, ಒಂದಿಷ್ಟು ಹರಳು ಮಾತ್ರ ಸರ‍್ರನೆ ತಳಕ್ಕಿಳಿಯುತ್ತದೆ. ಅದನ್ನು ಬೆರಳ ನಡುವೆ ತಿಕ್ಕಿ ನೋಡು, ಚುರುಚುರು ಎನ್ನುತ್ತದೆ. ಅದರಲ್ಲಿ ಬೆಣಚುಕಲ್ಲಿನ ಪುಡಿಯಿದೆ, ಗಾಜನ್ನೇ ಗೀರಬಲ್ಲದು. ಕಾರಿನ ಬಣ್ಣದ ಮೇಲಿರುವ ಹೊಳಪಿನ ಪದರ, ಕ್ಲಿಯರ್ ಕೋಟ್, ಸಾಮಾನ್ಯವಾಗಿ ತಲೆಗೂದಲಿಗಿಂತ ತೆಳು. ಮಣ್ಣಿನ ಮೇಲೆ ಬಟ್ಟೆ ಎಳೆದರೆ ಉಪ್ಪುಕಾಗದ ಎಳೆದ ಹಾಗೇ. ನನ್ನ ಮೊದಲ ಕಾರನ್ನು ಹಳೆಯ ಪಂಚೆಯಲ್ಲಿ ಹೀಗೇ ಒರೆಸುತ್ತಿದ್ದೆ. ಮಳೆ ಬಿಟ್ಟ ಮೇಲೆ ಎಳೆಬಿಸಿಲಿನಲ್ಲಿ ನೋಡಿದರೆ ಬಾನೆಟ್ ತುಂಬ ಜೇಡರ ಬಲೆಯಂಥ ಸುತ್ತು ಗೀರುಗಳು. ಆ ದಿನ ಆದ ಸಂಕಟ ಇನ್ನೂ ನೆನಪಿದೆ.

ಅದಕ್ಕೇ ಕೈ ಹಾಕುವ ಮೊದಲು ಮಣ್ಣನ್ನು ನೀರೇ ಇಳಿಸಬೇಕು. ಕಾರನ್ನು ನೆರಳಿನಲ್ಲಿ ನಿಲ್ಲಿಸು, ಬಾನೆಟ್ ಮುಟ್ಟಿ ನೋಡು, ತಣ್ಣಗಾಗಿರಬೇಕು. ಕೆಸರು ಗಟ್ಟಿಯಾಗಿ ಕೂತಿರುವುದು ಬಾಗಿಲುಗಳ ಕೆಳಭಾಗ, ಚಕ್ರದ ಕಮಾನುಗಳಲ್ಲಿ. ಅಲ್ಲಿ ಮೊದಲು ಸಣ್ಣಗೆ ನೀರು ಬಿಟ್ಟು ಐದು ನಿಮಿಷ ನೆನೆಯಲು ಬಿಡು. ಪಾತ್ರೆಗೆ ಹತ್ತಿದ ಸೀದ ಅನ್ನವನ್ನು ನೆನೆಹಾಕುವುದಿಲ್ಲವೇ, ಹಾಗೆ. ಆಮೇಲೆ ಛಾವಣಿಯಿಂದ ಕೆಳಕ್ಕೆ ಪೈಪು ಹಿಡಿ. ಪ್ರೆಶರ್ ವಾಷರ್ ಇದ್ದರೆ ನೀರು ಬೀಸಣಿಗೆಯಂತೆ ಹರಡುವ ನಳಿಗೆ ಹಾಕಿ ಒಂದು ಅಡಿಗಿಂತ ದೂರವೇ ಇಟ್ಟುಕೊ. ಕಲ್ಲು ಸಿಡಿದು ಬಣ್ಣ ಎದ್ದ ಕಡೆ ಹತ್ತಿರದಿಂದ ಹೊಡೆದರೆ ಬಣ್ಣ ಚಕ್ಕೆಯಾಗಿ ಏಳುತ್ತದೆ.

ಇನ್ನೂ ಉಳಿದ ಕೊಳೆಗೆ ಕಾರ್ ಶಾಂಪೂ ನೊರೆ. ಕೈಪಂಪಿನ ಸ್ಪ್ರೇಯರ್ ಸಾಕು, ಆದರೆ ತೋಟಕ್ಕೆ ಔಷಧಿ ಹೊಡೆದದ್ದು ಖಂಡಿತ ಬೇಡ. ನೊರೆ ನಾಲ್ಕೈದು ನಿಮಿಷ ಜಾರುತ್ತಿರಲಿ, ಒಣಗುವ ಮೊದಲೇ ತೊಳೆದುಬಿಡು. ಪಾತ್ರೆ ಸೋಪು, ಬಟ್ಟೆ ಸೋಪಿನ ಪುಡಿ ಬಣ್ಣದ ಮೇಲಿನ ವ್ಯಾಕ್ಸನ್ನು ಕಿತ್ತುಹಾಕುತ್ತವೆ. ಹಕ್ಕಿ ಹಿಕ್ಕೆ ಒಣಗಿದ್ದರೆ ಉಗುರಿನಿಂದ ಕೆರೆಯಬೇಡ. ಒದ್ದೆ ಬಟ್ಟೆ ಹತ್ತು ನಿಮಿಷ ಮೇಲೆ ಹಾಸಿ, ಮೆತ್ತಗಾದ ಮೇಲೆ ಮೇಲಕ್ಕೆತ್ತಿ ತೆಗೆ. ಇಷ್ಟಾದ ಮೇಲೆ ಮೈಕ್ರೋಫೈಬರ್ ಬಟ್ಟೆ, ಎರಡು ಬಕೆಟ್: ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸುವ ಬರೀ ನೀರು. ಚಕ್ರಕ್ಕೆ ಬೇರೆಯೇ ಬಟ್ಟೆ.

ಮನೆಯಲ್ಲಿ ನೀರಿಗೆ ತೊಂದರೆಯೆಂದು ಹೊಳೆಗೆ ಮಾತ್ರ ಕಾರು ಇಳಿಸಬೇಡ. ಹಾರಂಗಿ ಹೊಳೆ ಕೂಡಿಗೆಯಲ್ಲಿ ಕಾವೇರಿ ಸೇರಿ ಕನ್ನಂಬಾಡಿ ಕಟ್ಟೆಗೆ ಹೋಗುತ್ತದೆ. ನಿನ್ನ ಸೋಪು, ಎಣ್ಣೆಜಿಡ್ಡು ಕೆಳಗಿನ ಊರಿನವರು ಕುಡಿಯುವ ನೀರಿಗೇ ಸೇರುತ್ತವೆ. ಚಾವಡಿಯ ಹೆಂಚಿನಿಂದ ಇಳಿಯುವ ಮಳೆನೀರನ್ನು ಒಂದು ಡ್ರಮ್ಮಿಗೆ ಹಿಡಿದಿಡು, ಮೊದಲ ನೆನೆಸುವಿಕೆಗೆ ಅದೇ ಸಾಕು. ಭಾನುವಾರ ಲೋಟದ ಪರೀಕ್ಷೆ ಮಕ್ಕಳಿಂದಲೇ ಮಾಡಿಸು. ತಳದಲ್ಲಿ ಎಷ್ಟು ಹರಳು ಕೂತಿತ್ತು, ಬರೆ.

ನಿನ್ನವಳೇ,
ಗೆಳತಿ