ಹಿಮದ ಹಾದಿಯಲ್ಲೊಂದು ಪುಟ್ಟ ಕಾರು

ನಮ್ಮ ನಾಡಿನಲ್ಲಿ ಹುಟ್ಟಿ ಬೆಳೆದವರಿಗೆ ಹಿಮವೆಂಬುದು ಕಣ್ಣಿನ ವಿಷಯವೇ ಹೊರತು ಕಾಲಿನ ವಿಷಯವಲ್ಲ. ಕಾವ್ಯಗಳಲ್ಲಿ ಹಿಮಗಿರಿಯ ವರ್ಣನೆಯನ್ನು ಓದಿ ತಲೆದೂಗುತ್ತೇವೆ. ಕ್ಯಾಲೆಂಡರಿನ ಚಿತ್ರಗಳಲ್ಲಿ ಬೆಳ್ಳನೆಯ ಶಿಖರಗಳನ್ನು ಕಂಡು ಆನಂದಿಸುತ್ತೇವೆ. ಆದರೆ ಆ ಬಿಳುಪಿನ ಮೇಲೆ ಹೆಜ್ಜೆಯಿಟ್ಟು ನಡೆಯುವ, ವಾಹನವನ್ನು ನಡೆಸುವ ಪ್ರಸಂಗ ಒದಗಿದಾಗಲೇ ಅದರ ನಿಜಸ್ವರೂಪ ತಿಳಿಯುವುದು. ಈ ಸಂಚಿಕೆಗಾಗಿ ಏನಾದರೂ ಬರೆದು ಕಳಿಸಬೇಕೆಂದು ಸಂಪಾದಕ ಮಿತ್ರರು ಅಪೇಕ್ಷಿಸಿದಾಗ, ಪಾಂಡಿತ್ಯದ ವಿಷಯವೊಂದನ್ನು ಹುಡುಕುವುದಕ್ಕಿಂತ, ನಾಲ್ಕು ಚಳಿಗಾಲಗಳಲ್ಲಿ ನಾನು ಕಂಡುಂಡುದನ್ನು ವಾಚಕರ ಮುಂದಿಡುವುದೇ ಲೇಸೆಂದು ತೋರಿತು.

ಸಂಡೂರಿನ ಕೆಂಪು ಗುಡ್ಡಗಳ ಮಗ್ಗುಲಲ್ಲಿ ಬೆಳೆದ ನಾನು ಅದಿರಿನ ಉದ್ಯೋಗವನ್ನೇ ಹಿಡಿದು, ಅಮೆರಿಕದ ಮಿನೆಸೋಟ ರಾಜ್ಯದ ಟೂ ಹಾರ್ಬರ್ಸ್ ಎಂಬ ಸಣ್ಣ ಊರಿಗೆ ಹೋಗಿ ನೆಲಸಿದೆ. ಆ ರಾಜ್ಯದ ಗಣಿಗಳ ಕಬ್ಬಿಣದ ಅದಿರು ಮೊಟ್ಟಮೊದಲು 1884ರಲ್ಲಿ ಹಡಗೇರಿದ್ದು ಈ ಬಂದರಿನಿಂದಲೇ. ಊರಿನ ಎದುರಿಗೆ ಸುಪೀರಿಯರ್ ಸರೋವರ. ಸರೋವರವೆಂದರೆ ನಮ್ಮ ಕೆರೆಗಳ ಅಳತೆಯಲ್ಲಿ ಊಹಿಸತಕ್ಕದ್ದಲ್ಲ; ಅದರ ವಿಸ್ತೀರ್ಣ ಸುಮಾರು 82,000 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಐದು ಪಾಲುಗಳಲ್ಲಿ ಎರಡು ಪಾಲಿಗೂ ಮಿಗಿಲು. ಈ ನೀರಿನ ಮೇಲಿಂದ ಈಶಾನ್ಯದ ಗಾಳಿ ಬೀಸಿತೆಂದರೆ ಆಕಾಶವೇ ಕಳಚಿ ಬೀಳುವಂತೆ ಹಿಮ ಸುರಿಯುತ್ತದೆ. 1991ರ ಅಕ್ಟೋಬರ್ ಕೊನೆಯ ದಿನ ಆರಂಭವಾದ ಒಂದೇ ಬಿರುಗಾಳಿಯಲ್ಲಿ ನೆರೆಯ ಡುಲುತ್ ನಗರದಲ್ಲಿ ಸುಮಾರು 37 ಅಂಗುಲ ಹಿಮ ಬಿದ್ದುದನ್ನು ಅಲ್ಲಿಯ ಹಿರಿಯರು ಇಂದಿಗೂ ಹೇಳುತ್ತಾರೆ.

2017ರ ಶರತ್ಕಾಲದಲ್ಲಿ ನನ್ನ ಪತ್ನಿಯ ಮೂತ್ರಪಿಂಡಗಳೆರಡೂ ಸೋತವು. ಸೋಮವಾರ, ಬುಧವಾರ, ಶುಕ್ರವಾರ ಹೀಗೆ ವಾರಕ್ಕೆ ಮೂರು ದಿನ ಡುಲುತ್‌ನ ಕೇಂದ್ರಕ್ಕೆ ಹೋಗಿ, ನಾಲ್ಕು ಗಂಟೆಗಳ ಕಾಲ ಯಂತ್ರದ ಮೂಲಕ ರಕ್ತವನ್ನು ಶುದ್ಧಿ ಮಾಡಿಸಿಕೊಳ್ಳುವುದು ಅನಿವಾರ್ಯವಾಯಿತು. ಹೋಗಲು 43 ಕಿಲೋಮೀಟರ್, ಬರಲು 43 ಕಿಲೋಮೀಟರ್. ವರ್ಷಕ್ಕೆ ಲೆಕ್ಕ ಹಾಕಿದರೆ ಇದು 13,400 ಕಿಲೋಮೀಟರುಗಳನ್ನು ಮೀರುತ್ತದೆ. ನಿವೃತ್ತನ ವರಮಾನದಲ್ಲಿ ಪೆಟ್ರೋಲಿನ ಖರ್ಚನ್ನು ಹಿಡಿತದಲ್ಲಿಡಬೇಕೆಂಬ ಒಂದೇ ಕಾರಣಕ್ಕಾಗಿ ನಾನು ಒಂದು ಪುಟ್ಟ ಹೈಬ್ರಿಡ್ ಕಾರನ್ನು ಕೊಂಡೆ. ನೆರೆಹೊರೆಯವರು ನಕ್ಕರು. ಆ ಊರಿನಲ್ಲಿ ಎಲ್ಲರಲ್ಲಿಯೂ ನಾಲ್ಕು ಗಾಲಿಗಳಿಗೂ ಬಲ ಹರಿಯುವ ಎತ್ತರದ ಭಾರೀ ವಾಹನಗಳು. ನನ್ನದೋ ಸುಮಾರು 1,100 ಕಿಲೋಗ್ರಾಂ ತೂಕದ, ನೆಲದಿಂದ ಒಂದು ಗೇಣೂ ಮೇಲಿರದ, ಮುಂದಿನ ಗಾಲಿಗಳಿಗೆ ಮಾತ್ರ ಬಲವುಳ್ಳ ಬಂಡಿ.

ಹೈಬ್ರಿಡ್ ಎಂದರೆ ಪೆಟ್ರೋಲು ಎಂಜಿನ್ನೂ ವಿದ್ಯುತ್ ಮೋಟಾರೂ ಜೋಡೆತ್ತುಗಳಂತೆ ಒಂದೇ ನೊಗಕ್ಕೆ ಹೆಗಲು ಕೊಡುವ ವಾಹನ. 1997ರ ಡಿಸೆಂಬರಿನಲ್ಲಿ ಜಪಾನಿನ ಟೊಯೋಟ ಸಂಸ್ಥೆ ಪ್ರಿಯಸ್ ಎಂಬ ಕಾರನ್ನು ಮಾರುಕಟ್ಟೆಗೆ ತಂದಿತು; 1999ರ ಡಿಸೆಂಬರಿನಲ್ಲಿ ಹೋಂಡದ ಇನ್‌ಸೈಟ್ ಅಮೆರಿಕಕ್ಕೆ ಬಂದಿತು. ಸಾಮಾನ್ಯ ಕಾರಿನಲ್ಲಿ ಬ್ರೇಕು ಒತ್ತಿದಾಗ ವೇಗವೆಲ್ಲ ಶಾಖವಾಗಿ ಗಾಳಿಗೆ ಹೋಗುತ್ತದೆ. ಇಲ್ಲಿಯಾದರೋ ಮೋಟಾರು ಆಗ ಜನರೇಟರಾಗಿ ತಿರುಗಿ, ಹಾಳಾಗಿ ಹೋಗಬೇಕಾದ ಶಕ್ತಿಯ ಒಂದು ಭಾಗವನ್ನು ಬ್ಯಾಟರಿಗೆ ಮರಳಿ ತುಂಬುತ್ತದೆ. ಕಾರು ನಿಂತಾಗ ಎಂಜಿನ್ ತಾನಾಗಿಯೇ ಆರುತ್ತದೆ. ಮಿತವ್ಯಯದ ಗೃಹಿಣಿಯಂತೆ ಏನನ್ನೂ ಚೆಲ್ಲದಿರುವುದೇ ಇದರ ಗುಟ್ಟು.

ಆದರೆ ಚಳಿಗಾಲ ಬಂದೊಡನೆ ಈ ಗೃಹಿಣಿಯ ಲೆಕ್ಕಾಚಾರವೂ ತಲೆಕೆಳಗಾಗುತ್ತದೆ. ತಣ್ಣಗಾದ ಬ್ಯಾಟರಿ ಶಕ್ತಿಯನ್ನು ಕೊಡಲೂ ಹಿಂದೆಗೆಯುತ್ತದೆ, ತೆಗೆದುಕೊಳ್ಳಲೂ ಹಿಂದೆಗೆಯುತ್ತದೆ. ಒಳಗೆ ಕುಳಿತವರಿಗೆ ಬೆಚ್ಚನೆಯ ಗಾಳಿ ಬೇಕಾದರೆ ಎಂಜಿನ್ ಉರಿಯುತ್ತಿರಲೇಬೇಕು. ಆದಕಾರಣ ಸೊನ್ನೆಗಿಂತ ಏಳು ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲಿ ಸಾಮಾನ್ಯ ಕಾರಿನ ಮೈಲೇಜು ನೂರಕ್ಕೆ ಹದಿನೈದರಷ್ಟು ಇಳಿದರೆ, ಹೈಬ್ರಿಡ್ ಕಾರಿನದು ಮೂರನೆಯ ಒಂದು ಭಾಗದವರೆಗೂ ಇಳಿಯಬಹುದು. ಅಲ್ಲಿಯ ಅನುಭವಿಗಳು ಮುಂಭಾಗದ ಜಾಲರಿಯ ಸಂದುಗಳಿಗೆ ಫೋಮಿನ ತುಂಡುಗಳನ್ನು ತುರುಕಿ ತಣ್ಣನೆಯ ಗಾಳಿಯನ್ನು ತಡೆಯುತ್ತಾರೆ. ನಾನೂ ಹಾಗೆಯೇ ಮಾಡಿದೆ. ಮೈಗೆ ಕಂಬಳಿ ಹೊದಿಸಿದ ಎತ್ತಿನಂತೆ ಎಂಜಿನ್ ಬೇಗನೆ ಬೆಚ್ಚಗಾಗುತ್ತಿತ್ತು.

ಇದಕ್ಕೂ ಮಿಗಿಲಾದ ಉಪಕರಣವೊಂದಿದೆ. ರಾತ್ರಿಯಿಡೀ ಎಂಜಿನ್ನನ್ನು ವಿದ್ಯುತ್ತಿನಿಂದ ಬೆಚ್ಚಗಿಡುವ ಹೀಟರನ್ನು ನೆರೆಯ ನಾರ್ತ್ ಡಕೋಟ ರಾಜ್ಯದ ಗ್ರ್ಯಾಂಡ್ ಫೋರ್ಕ್ಸ್‌ನ ಆಂಡ್ರ್ಯೂ ಫ್ರೀಮನ್ ಎಂಬವರು ರೂಪಿಸಿ 1949ರಲ್ಲಿ ಪೇಟೆಂಟ್ ಪಡೆದರು. ಆ ಪ್ರಾಂತದಲ್ಲಿ ಕಾರಿನ ಮೂತಿಯಿಂದ ವಿದ್ಯುತ್ ತಂತಿಯೊಂದು ನೇತಾಡುವುದು ಸಾಮಾನ್ಯ ದೃಶ್ಯ. ಸಂಜೆ ಕೊಟ್ಟಿಗೆಯಲ್ಲಿ ದನ ಕಟ್ಟಿದಂತೆ ನಾವು ಕಾರನ್ನು ಗೋಡೆಗೆ ಕಟ್ಟುತ್ತಿದ್ದೆವು.

2019ರ ಜನವರಿ 30 ಬುಧವಾರವಾಗಿತ್ತು. ಉತ್ತರಧ್ರುವದ ಚಳಿ ಕೆಳಗಿಳಿದು ಅಂದು ಮಿನಿಯಾಪೊಲಿಸ್ ನಗರದಲ್ಲಿಯೇ ಉಷ್ಣತೆ ಸೊನ್ನೆಗಿಂತ 33 ಡಿಗ್ರಿ ಕೆಳಗಿಳಿದಿತ್ತು. ನಾವಿದ್ದುದು ಅದಕ್ಕೂ ಉತ್ತರದಲ್ಲಿ. ಅಂಚೆ ಇಲಾಖೆಯೇ ಮಿನೆಸೋಟದಲ್ಲಿ ಆ ದಿನದ ಬಟವಾಡೆಯನ್ನು ನಿಲ್ಲಿಸಿತ್ತು. ನಾನು ಕಿಟಕಿಯ ಬಳಿ ನಿಂತು ಯೋಚಿಸುತ್ತಿರುವುದನ್ನು ಕಂಡು ನನ್ನ ಪತ್ನಿ, "ರಸ್ತೆ ಕೆಟ್ಟೈತಿ ಅಂದ್ರ ರಕ್ತ ತಡೀತದೇನ್ರಿ?" ಎಂದಳು. ಆ ಮಾತಿಗೆ ಪ್ರತ್ಯುತ್ತರವಿರಲಿಲ್ಲ. ಒಂದು ಸರದಿ ತಪ್ಪಿದರೆ ಮೈಯಲ್ಲಿ ನೀರು ನಿಲ್ಲುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತವನ್ನೇ ಕೆಡಿಸಬಲ್ಲುದು. ಗೋಡೆಗೆ ಕಟ್ಟಿದ್ದ ಕಾರು ಹೊರಟಿತು, ನಾವೂ ಹೊರಟೆವು.

ಇಲ್ಲಿ ವಿದ್ಯಾರ್ಥಿಮಿತ್ರರಿಗಾಗಿ ಭೌತಶಾಸ್ತ್ರದ ಒಂದು ಲೆಕ್ಕವನ್ನು ಹೇಳುವುದು ಅಪ್ರಸ್ತುತವಾಗಲಾರದು. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು, ಒಣಗಿದ ಡಾಂಬರು ರಸ್ತೆಯಲ್ಲಿ ಬ್ರೇಕು ಒತ್ತಿದ ಮೇಲೆ ಸುಮಾರು 14 ಮೀಟರ್ ದೂರದಲ್ಲಿ ನಿಲ್ಲುತ್ತದೆ. ಮಂಜುಗಡ್ಡೆಯ ಮೇಲೆ ಘರ್ಷಣೆ ಏಳನೆಯ ಒಂದು ಭಾಗಕ್ಕೆ ಇಳಿಯುವುದರಿಂದ ಅದೇ ಕಾರು ನಿಲ್ಲಲು 100 ಮೀಟರಿನ ಹತ್ತಿರ ಬೇಕು. ವೇಗ ಇಮ್ಮಡಿಯಾದರೆ ದೂರ ನಾಲ್ಮಡಿಯಾಗುತ್ತದೆ. ನಾಲ್ಕು ಗಾಲಿಗಳಿಗೂ ಬಲವಿದ್ದರೆ ಹೊರಡುವುದು ಸುಲಭವಾಗಬಹುದು. ನಿಲ್ಲುವಾಗ ಮಾತ್ರ ಎಲ್ಲ ಕಾರುಗಳೂ ಸಮಾನ. ರಸ್ತೆಯ ಬದಿಯ ಹಳ್ಳದಲ್ಲಿ ಬಿದ್ದಿರುತ್ತಿದ್ದ ವಾಹನಗಳಲ್ಲಿ ಭಾರೀ ವಾಹನಗಳೇ ಹೆಚ್ಚಾಗಿದ್ದುದನ್ನು ಕಂಡ ನನಗೆ ಈ ಸೂತ್ರ ಕಂಠಪಾಠವಾಯಿತು. ಕೊರೆಯುವ ಚಳಿಯ ಮಂಜುಗಡ್ಡೆಗಿಂತ, ಸೊನ್ನೆ ಡಿಗ್ರಿಯ ಸಮೀಪದಲ್ಲಿ ಮೇಲೆ ತೆಳುವಾಗಿ ನೀರಾಡುವ ಮಂಜುಗಡ್ಡೆಯೇ ಹೆಚ್ಚು ಜಾರುತ್ತದೆ. ಸೇತುವೆಯ ಕೆಳಗೂ ಗಾಳಿಯಾಡುವುದರಿಂದ ರಸ್ತೆಗಿಂತ ಮೊದಲು ಸೇತುವೆ ಹೆಪ್ಪುಗಟ್ಟುತ್ತದೆ. ನಮ್ಮ ದಾರಿಯುದ್ದಕ್ಕೂ ಸರೋವರಕ್ಕೆ ಧುಮುಕುವ ಹೊಳೆಗಳು, ಹೊಳೆಗೊಂದು ಸೇತುವೆ. ಪ್ರತಿಯೊಂದನ್ನೂ ನಾನು ಕಾಲಿನ ಒತ್ತಡವನ್ನು ಬದಲಿಸದೆ, ಸ್ಟಿಯರಿಂಗನ್ನು ಅಲುಗಿಸದೆ, ಉಸಿರು ಬಿಗಿಹಿಡಿದು ದಾಟುತ್ತಿದ್ದೆ.

ಕಾರಿಗೂ ನೆಲಕ್ಕೂ ಇರುವ ಸಂಬಂಧವೆಂದರೆ ಅಂಗೈಯಗಲದ ನಾಲ್ಕು ರಬ್ಬರಿನ ತುಂಡುಗಳು. ಸಾಮಾನ್ಯ ಟೈರಿನ ರಬ್ಬರು ಏಳು ಡಿಗ್ರಿಗಿಂತ ಕೆಳಗೆ ಬಿರುಸಾಗುತ್ತ ಹೋಗುತ್ತದೆ. ಪೆಟ್ರೋಲು ಉಳಿಸಲೆಂದು ಹೈಬ್ರಿಡ್ ಕಾರುಗಳಿಗೆ ಹಾಕುವ ಟೈರುಗಳು ಹಿಮಕ್ಕೆ ಇನ್ನೂ ಒಲ್ಲದವು. ಚಳಿಗಾಲದ ಟೈರು ಚಳಿಯಲ್ಲಿಯೂ ಮೆತ್ತಗಿರುತ್ತದೆ. ಅದರ ಮೈಮೇಲಿನ ಸಣ್ಣ ಸಣ್ಣ ಸೀಳುಗಳು ಹಿಮವನ್ನು ಕಚ್ಚಿ ಹಿಡಿಯುತ್ತವೆ. ಕೆನಡದ ಕ್ವಿಬೆಕ್ ಪ್ರಾಂತದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಇಂಥ ಟೈರು ಕಾನೂನಿನಿಂದಲೇ ಕಡ್ಡಾಯ. ಮಿನೆಸೋಟದಲ್ಲಿ ಕಡ್ಡಾಯವಿಲ್ಲ, ಆದರೂ ನಾನು ಪ್ರತಿ ನವೆಂಬರಿನಲ್ಲಿ ನಾಲ್ಕು ಗಾಲಿಗಳಿಗೂ ಅವನ್ನೇ ಹಾಕಿಸುತ್ತಿದ್ದೆ. ಪುಟ್ಟ ಕಾರಿನ ಕಿರಿದಾದ ಟೈರು ಹಿಮವನ್ನು ನೇಗಿಲಿನ ಗುಳದಂತೆ ಸೀಳಿಕೊಂಡು ಹೋಗಿ ಕೆಳಗಿನ ರಸ್ತೆಯನ್ನು ಮುಟ್ಟುವುದನ್ನು ಕಂಡಾಗ, ಅಗಲವೇ ಬಲವೆಂಬ ಭ್ರಮೆ ಹರಿಯಿತು.

ಡುಲುತ್ ನಗರ ಬೆಟ್ಟದ ಇಳಿಜಾರಿನಲ್ಲಿದೆ. ನೆತ್ತಿಯ ಬೀದಿಗಳಿಗೂ ಸರೋವರದ ದಡಕ್ಕೂ ನಡುವೆ ಸುಮಾರು 800 ಅಡಿಗಳ ಅಂತರ. ಹೈಬ್ರಿಡ್ ಕಾರಿನ ಗಾಲಿ ಹಿಮದಲ್ಲಿ ಜಾರಿ ಸುತ್ತತೊಡಗಿದೊಡನೆ ಅದರ ಗಣಕಯಂತ್ರ ಬಲವನ್ನು ಕಡಿತಗೊಳಿಸುತ್ತದೆ. ಸಮತಟ್ಟಿನಲ್ಲಿ ಇದು ರಕ್ಷಣೆ. ಏರಿನಲ್ಲಿಯಾದರೋ ಕಾರು ನಡುದಾರಿಯಲ್ಲಿ ಮೌನವ್ರತ ಹಿಡಿದಂತೆ ನಿಂತುಬಿಡಬಹುದು. ಆದುದರಿಂದ ಕಡಿದಾದ ನೇರ ಬೀದಿಯನ್ನು ಬಿಟ್ಟು, ಓರೆಯಾಗಿ ಏರುವ ಸುತ್ತುದಾರಿಯನ್ನು ಹಿಡಿದು, ಬುಡದಲ್ಲಿಯೇ ಮೆಲ್ಲಗೆ ವೇಗವನ್ನು ಕೂಡಿಸಿಕೊಂಡು, ನೆತ್ತಿಯವರೆಗೆ ನಿಲ್ಲದೆ ಹೋಗುವುದು ನನ್ನ ಪದ್ಧತಿಯಾಯಿತು.

2020ರ ಚಳಿಗಾಲದಲ್ಲಿ ಸಾಂಕ್ರಾಮಿಕ ರೋಗದ ನಿಮಿತ್ತ ರೋಗಿಗಳ ಜೊತೆಯವರಿಗೆ ಒಳಗೆ ಪ್ರವೇಶವಿರಲಿಲ್ಲ. ನಾಲ್ಕು ಗಂಟೆಗಳ ಕಾಲ ನಾನು ಕಾರಿನಲ್ಲಿಯೇ ಕುಳಿತಿರುತ್ತಿದ್ದೆ. ಎಂಜಿನ್ ಆಗೊಮ್ಮೆ ಈಗೊಮ್ಮೆ ತಾನಾಗಿ ಎದ್ದು, ಒಳಗನ್ನು ಬೆಚ್ಚಗೆ ಮಾಡಿ, ಮತ್ತೆ ಮಲಗುತ್ತಿತ್ತು. ಈ ಸೌಕರ್ಯದಲ್ಲಿ ಒಂದು ಅಪಾಯವೂ ಅಡಗಿದೆ. ಹೊಗೆಯ ಕೊಳವೆ ಹಿಮದಲ್ಲಿ ಹೂತಿದ್ದರೆ, ಸದ್ದಿಲ್ಲದೆ ಎದ್ದ ಎಂಜಿನ್ನಿನ ವಿಷಾನಿಲ ಒಳಗೆ ತುಂಬಿ ಕುಳಿತವರನ್ನು ನಿದ್ರೆಯಲ್ಲಿಯೇ ಕೊಂಡೊಯ್ಯಬಲ್ಲುದು. ಅರ್ಧ ಗಂಟೆಗೊಮ್ಮೆ ಇಳಿದು ಸಲಿಕೆಯಿಂದ ಕೊಳವೆಯ ಸುತ್ತಣ ಹಿಮವನ್ನು ತೆಗೆಯುವುದು ನನಗೆ ನಿತ್ಯವಿಧಿಯಾಯಿತು. ಹಿಂದಿನ ಡಿಕ್ಕಿಯಲ್ಲಿ ಸಲಿಕೆ, ಒಂದು ಚೀಲ ಮರಳು, ಎರಡು ಕಂಬಳಿ, ಮೇಣದ ಬತ್ತಿ, ಬೆಂಕಿಪೊಟ್ಟಣ ಸದಾ ಇರುತ್ತಿದ್ದವು. ಸುತ್ತಲೂ ಕಣ್ಣು ಹಾಯುವವರೆಗೆ ನೀರೇ ಹೆಪ್ಪುಗಟ್ಟಿ ಬಿದ್ದಿರುವಾಗ, ಒಳಗೆ ಮಲಗಿದ್ದವಳಿಗೆ ಮಾತ್ರ ದಿನಕ್ಕೆ ಅಳೆದು ಕೊಟ್ಟ ಕೆಲವೇ ಲೋಟ ನೀರು. ಈ ವಿಪರ್ಯಾಸವನ್ನು ನೆನೆದು ಎಷ್ಟೋ ಸಲ ಕಣ್ಣು ತೇವವಾದುದುಂಟು.

2021ರ ಫೆಬ್ರುವರಿಯ ಒಂದು ರಾತ್ರಿ ಹತ್ತೂವರೆಗೆ ದೂರವಾಣಿ ಕರೆಯಿತು. ಅಪಘಾತದಲ್ಲಿ ಮಡಿದ ಯಾರದೋ ಮೂತ್ರಪಿಂಡ ನನ್ನ ಪತ್ನಿಗೆ ಹೊಂದುವುದೆಂದೂ, ಬೆಳಗಿನ ಐದರೊಳಗೆ ಮಿನಿಯಾಪೊಲಿಸ್‌ನ ಆಸ್ಪತ್ರೆಯಲ್ಲಿರಬೇಕೆಂದೂ ತಿಳಿಸಿದರು. ದೂರ ಸುಮಾರು 290 ಕಿಲೋಮೀಟರ್. ಹೊರಗೆ ಹಿಮ ಸುರಿಯುತ್ತಿತ್ತು. ಒಣ ರಸ್ತೆಯಲ್ಲಿ ಮೂರು ಗಂಟೆಗಳ ದಾರಿ. ಹನ್ನೊಂದೂಕಾಲಿಗೆ ಹೊರಟೆವು.

ಡುಲುತ್ ದಾಟಿದೊಡನೆ ಹೆದ್ದಾರಿ ಥಾಂಪ್ಸನ್ ಹಿಲ್ ಎಂಬ ದೀರ್ಘವಾದ ಏರನ್ನು ಹತ್ತುತ್ತದೆ. ಅಂದು ಅಲ್ಲಿ ಎರಡು ಲಾರಿಗಳು ಏರಲಾರದೆ ಬದಿಗೆ ನಿಂತಿದ್ದವು. ನಾನು ಮುಂದಿನ ವಾಹನಕ್ಕೆ ಬಹುದೂರದ ಅಂತರವಿಟ್ಟು, ಎಲ್ಲಿಯೂ ನಿಲ್ಲುವ ಪ್ರಸಂಗ ಬಾರದಂತೆ ಒಂದೇ ಹದದಲ್ಲಿ ಏರಿದೆ. ಗಾಲಿಗಳು ಒಂದೆರಡು ಸಲ ತಡವರಿಸಿದವು, ನಿಲ್ಲಲಿಲ್ಲ. ನೆತ್ತಿಯ ಮೇಲೆ ಹಿಮ ತೆಗೆಯುವ ಸರ್ಕಾರಿ ವಾಹನವೊಂದು ಹಳದಿ ದೀಪ ಮಿನುಗಿಸುತ್ತ ಹೋಗುತ್ತಿತ್ತು. ಅದರ ಹಿಂದೆ ಹತ್ತು ಕಾರುಗಳ ಉದ್ದಕ್ಕೂ ಹೆಚ್ಚಿನ ಅಂತರದಲ್ಲಿ, ಗಂಟೆಗೆ ನಲವತ್ತು ಕಿಲೋಮೀಟರ್ ವೇಗದಲ್ಲಿ ಸಾಗಿದೆವು. ಒಬ್ಬಿಬ್ಬರು ನಮ್ಮನ್ನು ದಾಟಿ ಮುಂದೆ ಹೋದರು. ನನ್ನ ಕಾಲೂ ಆಕ್ಸಿಲರೇಟರನ್ನು ಒತ್ತಲು ತವಕಿಸುತ್ತಿತ್ತು. ಆಗ ಆಕೆ, "ನಿಧಾನ ಹೋಗ್ರಿ. ಮುಟ್ಟಿದರ ಅಲ್ಲೇನು ಉಪಯೋಗ" ಎಂದಳು. ಮುಟ್ಟುವುದೇ ಮುಖ್ಯ, ಬೇಗ ಮುಟ್ಟುವುದಲ್ಲ ಎಂಬುದು ಆ ಅರೆಬರೆ ಮಾತಿನ ಅರ್ಥ. ಅರ್ಧದಾರಿಯಾದ ಹಿಂಕ್ಲಿಯ ಬಳಿ ಹಿಮ ನಿಂತು ನಕ್ಷತ್ರಗಳು ಕಂಡವು. ನಾಲ್ಕು ಗಂಟೆ ನಲವತ್ತು ನಿಮಿಷಕ್ಕೆ ಆಸ್ಪತ್ರೆಯ ಬಾಗಿಲಿನಲ್ಲಿದ್ದೆವು.

ದಾನವಾಗಿ ಬಂದ ಆ ಅಂಗವನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ತಂದಿದ್ದರು. ದೇಹದಿಂದ ಬೇರ್ಪಟ್ಟ ಮೂತ್ರಪಿಂಡವನ್ನು ಒಂದು ದಿನದವರೆಗೂ ಕಾಪಾಡಬಲ್ಲುದು ಆ ಶೈತ್ಯವೇ. ದಾರಿಯಲ್ಲಿ ನಮ್ಮ ಪ್ರಾಣವನ್ನು ಹಿಂಡಿದ ಮಂಜುಗಡ್ಡೆಯೇ ಪೆಟ್ಟಿಗೆಯಲ್ಲಿ ಪ್ರಾಣದ ಕಾವಲಾಗಿತ್ತು. ಪ್ರಕೃತಿ ಶತ್ರುವೂ ಅಲ್ಲ, ಮಿತ್ರನೂ ಅಲ್ಲ. ಅದರ ನಿಯಮವನ್ನು ಅರಿತು ನಡೆದವನಿಗೆ ಆಸರೆ, ಮರೆತು ನಡೆದವನಿಗೆ ಆಪತ್ತು.

ಶಸ್ತ್ರಚಿಕಿತ್ಸೆಯ ತರುವಾಯ ವೈದ್ಯರು ಇನ್ನು ಮೇಲೆ ಬೇಕಾದಷ್ಟು ನೀರು ಕುಡಿಯಬಹುದೆಂದು ಹೇಳಿದ ದಿನ, ನನ್ನ ಪತ್ನಿ ಒಂದು ತುಂಬಿದ ಲೋಟವನ್ನು ಎತ್ತಿ ನಿಲ್ಲಿಸದೆ ಕುಡಿದಳು. ನಾಲ್ಕು ಚಳಿಗಾಲಗಳ ಎಲ್ಲ ಹಾದಿಗಳೂ ಆ ಒಂದು ಲೋಟ ನೀರಿಗಾಗಿಯೇ ಇದ್ದವೆಂದು ನನಗನ್ನಿಸಿತು.

ಹಿಮ ಕರಗಿಸಲು ಅಲ್ಲಿಯ ರಸ್ತೆಗಳಿಗೆ ಸುರಿಯುವ ಉಪ್ಪು ಕಾರಿನ ಅಡಿಭಾಗವನ್ನು ತಿಂದು ತುಕ್ಕು ಹಿಡಿಸುತ್ತದೆ. ಒಂದು ಟೀ ಚಮಚ ಉಪ್ಪು ಸುಮಾರು 19 ಲೀಟರ್ ನೀರನ್ನು ಕೆಡಿಸುತ್ತದೆಂದು ಆ ರಾಜ್ಯದ ಮಾಲಿನ್ಯ ನಿಯಂತ್ರಣ ಸಂಸ್ಥೆ ಎಚ್ಚರಿಸುತ್ತದೆ. ನಮ್ಮ ಕಾರಿಗೂ ತುಕ್ಕು ಹಿಡಿದಿದೆ. ಅದನ್ನು ಮಾರಲು ನಮ್ಮಿಬ್ಬರಿಗೂ ಮನಸ್ಸಿಲ್ಲ.

ಎಳೆಯ ಮಿತ್ರರೇ, ನಿಮ್ಮಲ್ಲಿ ಬಹುಮಂದಿ ಹಿಮದ ಹಾದಿಯನ್ನು ಕಾಣದೆಯೇ ಇರಬಹುದು. ಆದರೆ ಜಾರುವ ಹಾದಿ ಎಲ್ಲರ ಪಾಲಿಗೂ ಒಂದಲ್ಲ ಒಂದು ದಿನ ಬರುತ್ತದೆ. ಆಗ ವಾಹನ ದೊಡ್ಡದೋ ಚಿಕ್ಕದೋ ಎಂಬುದು ಗಣನೆಗೆ ಬಾರದು. ಮುಂಚಿನ ಸಿದ್ಧತೆ, ಮಿತವಾದ ವೇಗ, ಮುಂದಿನವರೊಡನೆ ಇಟ್ಟುಕೊಂಡ ಅಂತರ, ನೆಟ್ಟ ದೃಷ್ಟಿ, ಇವಿಷ್ಟೇ ನಮ್ಮನ್ನು ದಾಟಿಸುತ್ತವೆ. ಇವೆಲ್ಲವೂ ಇದ್ದ ಮೇಲೂ ಕಾಣದ ಯಾರದೋ ದಾನ ಬೇಕಾಗುತ್ತದೆಂಬುದನ್ನು ನಾನು ಕೃತಜ್ಞತೆಯಿಂದ ಸ್ಮರಿಸುತ್ತೇನೆ.